ಹುಬ್ಬಳ್ಳಿ ಗಿರಣಿಯ 1,173 ಜನ

1898ರ ಪ್ಲೇಗಿನ ಬಗ್ಗೆ ಸರಕಾರಿ ವೈದ್ಯರು ಬರೆದಿಟ್ಟ ವರದಿಗಳನ್ನು ತಿರುವಿ ಹಾಕಿದರೆ ಹುಬ್ಬಳ್ಳಿಯ ಒಂದು ಗಿರಣಿಯ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ: ಸದರ್ನ್ ಮರಾಠಾ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ. ಆ ವರ್ಷ ಅಲ್ಲಿ ಕೆಲಸಕ್ಕಿದ್ದವರು 1,173 ಜನ. ಅವರಲ್ಲಿ ಪ್ಲೇಗಿನ ಹೊಸ ಲಸಿಕೆಯನ್ನು ಎರಡು ಸಲ ಹಾಕಿಸಿಕೊಂಡವರು 1,040, ಸತ್ತವರು 22. ಒಂದೇ ಸಲ ಹಾಕಿಸಿಕೊಂಡವರು 58, ಸತ್ತವರು 8. ಹಾಕಿಸಿಕೊಳ್ಳದೇ ಉಳಿದವರು 75, ಸತ್ತವರು 20. ಅಂದರೆ ಮೊದಲ ಗುಂಪಿನಲ್ಲಿ ನೂರಕ್ಕೆ ಇಬ್ಬರು, ಎರಡನೆಯದರಲ್ಲಿ ಸುಮಾರು ಹದಿನಾಲ್ಕು, ಮೂರನೆಯದರಲ್ಲಿ ಇಪ್ಪತ್ತಾರರ ಮೇಲೆ. ಒಂದೇ ಗಿರಣಿ, ಒಂದೇ ಹಾವಳಿ, ಐವತ್ತು ಹೆಣ.

ಮೂರು ಸಾಲಿನ ಈ ಲೆಕ್ಕ ಹುಬ್ಬಳ್ಳಿಯಿಂದ ಮುಂಬಯಿಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಲಸಿಕೆಯ ಪರ ವಾದಿಸುವವರು ಅದನ್ನು ಎತ್ತಿ ಹಿಡಿದರು, ಸಂಶಯ ಇದ್ದವರು ಅದನ್ನು ಕೆದಕಿದರು. ನಮ್ಮ ಸೀಮೆಯಲ್ಲಿ ಒಂದು ಕಾರಖಾನೆಯ ಕೆಲಸಗಾರರ ಕಾಯಿಲೆ-ಸಾವುಗಳನ್ನು ಹೀಗೆ ಪಟ್ಟಿ ಹಿಡಿದು ಎಣಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಆದರೆ ಎಣಿಸಿದ್ದು ಯಾರಿಗಾಗಿ, ಎಣಿಸದೇ ಬಿಟ್ಟಿದ್ದು ಏನು ಎಂಬುದನ್ನು ನೋಡದೆ ಈ ಕಥೆ ಪೂರ್ತಿಯಾಗುವುದಿಲ್ಲ.

ಪ್ಲೇಗು ಹುಬ್ಬಳ್ಳಿಗೆ ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಬಳಿ ಡಾ. ಅಕಾಸಿಯೊ ವಿಯೇಗಾಸ್ ಮೊದಲ ರೋಗಿಗಳನ್ನು ಗುರುತಿಸಿದಾಗಲೇ ಧಾನ್ಯ ಮತ್ತು ಅರಳೆ ಪೇಟೆಯ ಊರುಗಳೆಲ್ಲ ಸರದಿಯಲ್ಲಿ ನಿಂತಂತಾಗಿತ್ತು. ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ದೊಡ್ಡ ಹತ್ತಿ ಪೇಟೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ಅದರ ಕಾರ್ಯಾಗಾರ ಬಂತು, ನೂಲಿನ ಗಿರಣಿ ಬಂತು. ಸುತ್ತಲಿನ ಕರಿನೆಲದ ಹತ್ತಿ ಬಂಡಿಯಲ್ಲಿ ಬಂದು, ಅಂಡಿಗೆಯಾಗಿ ರೈಲು ಹತ್ತುತ್ತಿತ್ತು. ಅಂಡಿಗೆಗಳ ಸಂದಿಯಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. ಚಿಗಟವೇ ರೋಗ ಹರಡುತ್ತದೆಂದು ಪಾಲ್-ಲೂಯಿ ಸಿಮಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರ ಜೂನ್‌ನಲ್ಲಿ. ಅದನ್ನು ವೈದ್ಯಲೋಕ ಒಪ್ಪಲು ಇನ್ನೂ ಏಳೆಂಟು ವರ್ಷ ಬೇಕಾಯಿತು. ಹೀಗಾಗಿ ಹುಬ್ಬಳ್ಳಿಯಲ್ಲಿ ಸುಣ್ಣ ಬಳಿಸಿದವರು, ಕೇರಿ ಖಾಲಿ ಮಾಡಿಸಿದವರು, ಸೂಜಿ ಹಾಕಿದವರು ಯಾರಿಗೂ ವೈರಿಯ ದಾರಿ ಗೊತ್ತಿರಲಿಲ್ಲ. ಇಲಿ ಬಿದ್ದರೆ ಮನೆ ಬಿಡಬೇಕು ಎಂಬ ಹಳ್ಳಿಯವರ ತಿಳಿವಳಿಕೆ ಈ ಒಂದು ವಿಷಯದಲ್ಲಿ ಸರಕಾರಕ್ಕಿಂತ ಮುಂದಿತ್ತು.

ಸರಕಾರದ ಕೈಯಲ್ಲಿದ್ದದ್ದು ಕಾನೂನು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನೂರಿಪ್ಪತ್ಮೂರು ವರ್ಷಗಳ ನಂತರ ಕೋವಿಡ್ ಕಾಲದಲ್ಲೂ ಅದೇ ಕಾಯ್ದೆ ಬಳಕೆಗೆ ಬಂತು. 1897ರಲ್ಲಿ ಅದರ ಬಲದಿಂದ ನಡೆದದ್ದು ಇದು: ಸೈನಿಕರು ಮನೆಯೊಳಗೆ ನುಗ್ಗಿ ಹುಡುಕುವುದು, ರೋಗಿಯನ್ನು ಎಳೆದೊಯ್ಯುವುದು, ಮನೆಯವರನ್ನು ಬೇರೆ ಶಿಬಿರಕ್ಕೆ ಹಾಕುವುದು, ರೈಲು ನಿಲ್ದಾಣದಲ್ಲಿ ಗಂಡಸು ಹೆಂಗಸೆನ್ನದೆ ಬಗಲು ಮುಟ್ಟಿ ಗಡ್ಡೆ ಇದೆಯೇ ಎಂದು ನೋಡುವುದು. ಇದರ ಸಿಟ್ಟು ಪುಣೆಯಲ್ಲಿ ಒಡೆಯಿತು. ಅಲ್ಲಿನ ಪ್ಲೇಗು ಅಧಿಕಾರಿ ವಾಲ್ಟರ್ ರ್‍ಯಾಂಡ್ ಮೇಲೆ 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡು ಹಾರಿತು. ಆಮೇಲೆ ಮುಂಬಯಿ ಸರಕಾರ ಬಲವಂತವಿಲ್ಲದ, ಜನ ತಾವಾಗಿ ಬರುವ ಒಂದು ಉಪಾಯಕ್ಕಾಗಿ ಕಣ್ಣು ಬಿಟ್ಟು ಕಾಯುತ್ತಿತ್ತು.

ಆ ಉಪಾಯ ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಪುಟ್ಟ ಪ್ರಯೋಗಶಾಲೆಯಲ್ಲಿ ತಯಾರಾಗಿತ್ತು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮಾಂಸದ ತಿಳಿಸಾರನ್ನು ಗಾಜಿನ ಬುರುಡೆಗೆ ಹಾಕಿ, ಮೇಲೆ ತುಪ್ಪದ ಹನಿ ತೇಲಿಸಿ, ಪ್ಲೇಗಿನ ಸೂಕ್ಷ್ಮಾಣುಗಳನ್ನು ಬಿತ್ತುತ್ತಿದ್ದರು. ತುಪ್ಪದ ಹನಿಗೆ ಅಂಟಿಕೊಂಡು ಅವು ಆಲದ ಬಿಳಲಿನಂತೆ ಕೆಳಗಿಳಿಯುತ್ತಿದ್ದವು. ಬುರುಡೆ ಅಲುಗಿಸಿದರೆ ಬಿಳಲು ಕಳಚಿ ತಳಕ್ಕೆ ಬೀಳುತ್ತಿತ್ತು. ಮತ್ತೆ ಹೊಸದು ಬೆಳೆಯುತ್ತಿತ್ತು. ಹೀಗೆ ವಾರಗಟ್ಟಲೆ ಬೆಳೆಸಿ, ಬಿಸಿ ಮಾಡಿ ಸೂಕ್ಷ್ಮಾಣುಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ. 1897ರ ಜನವರಿ 10ರಂದು ಹಾಫ್ಕಿನ್ ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ತೋಳು ಊದಿತು, ಇಳಿಯಿತು.

ಆಮೇಲಿನ ಪರೀಕ್ಷೆ ನಡೆದದ್ದು ಬೈಕಲ್ಲಾದ ಜೈಲಿನಲ್ಲಿ. ಜೈಲನ್ನು ಆರಿಸಿದ್ದಕ್ಕೆ ಒಂದು ಗಟ್ಟಿ ಕಾರಣ ಇತ್ತು: ಕೈದಿಗಳು ಎಷ್ಟು ಜನ, ಯಾರಿಗೆ ಸೂಜಿ ಬಿತ್ತು, ಯಾರು ಸತ್ತರು ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಊರಿನಲ್ಲಿ ಈ ಅನುಕೂಲ ಇಲ್ಲ. ಪ್ಲೇಗೆಂದರೆ ಜನ ಊರು ಬಿಡುತ್ತಾರೆ, ಹೆಣವನ್ನು ರಾತ್ರಿ ಬಚ್ಚಿಟ್ಟು ಸಾಗಿಸುತ್ತಾರೆ, ಜ್ವರವೆಂದು ಬರೆಸುತ್ತಾರೆ. ಸತ್ತವರನ್ನು ಹೇಗೋ ಎಣಿಸಬಹುದು. ಎಷ್ಟು ಜನರ ಪೈಕಿ ಸತ್ತರು ಎಂಬುದೇ ಕೈಗೆ ಸಿಗುವುದಿಲ್ಲ.

ಹುಬ್ಬಳ್ಳಿಯಲ್ಲಿ ಲಸಿಕೆಯ ಕೆಲಸ ಶುರುವಾದದ್ದು 1898ರ ಮೇ 11ರಂದು. ಹೊಣೆ ಹೊತ್ತವರು ಇಂಡಿಯನ್ ಮೆಡಿಕಲ್ ಸರ್ವಿಸಿನ ಸರ್ಜನ್-ಕ್ಯಾಪ್ಟನ್ ಲ್ಯೂಮನ್. ಮಳೆಗಾಲ ಮುಗಿಯುತ್ತ ಬಂದ ಸೆಪ್ಟೆಂಬರ್ 27ರ ಹೊತ್ತಿಗೆ ಊರಿನಲ್ಲಿ 38 ಸಾವಿರಕ್ಕಿಂತ ಹೆಚ್ಚು ಜನ ಸೂಜಿ ಹಾಕಿಸಿಕೊಂಡಿದ್ದರು. ಐವತ್ತು ಸಾವಿರದ ಆಸುಪಾಸಿನ ಊರಿಗೆ ಇದು ಸಣ್ಣ ಸಂಖ್ಯೆಯಲ್ಲ. ಹಿಂದುಸ್ಥಾನದ ಬೇರೆ ಕಡೆಗಳಲ್ಲಿ ಆಗ ಇಷ್ಟು ದೊಡ್ಡ ಪಾಲು ಜನ ಮುಂದೆ ಬಂದದ್ದು ಅಪರೂಪ. ಧಾರವಾಡ, ಗದಗಗಳಲ್ಲೂ ಕೆಲಸ ನಡೆಯಿತು. ಧಾರವಾಡದಲ್ಲಿ ಸೂಜಿ ಹಾಕಿದವರಲ್ಲಿ ಡಾ. ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದ್ದರು.

ಜನ ಇಷ್ಟು ಸಂಖ್ಯೆಯಲ್ಲಿ ಯಾಕೆ ಬಂದರು? ಭಯ ಒಂದು ಕಾರಣ. ಇನ್ನೊಂದು ಕಾರಣ ಕಾಗದ. ಎರಡು ಸಲ ಸೂಜಿ ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಅದಿದ್ದರೆ ಬೇರ್ಪಡಿಸುವ ಶಿಬಿರ, ಪ್ರಯಾಣದ ತಡೆ ಮುಂತಾದ ಕಾಟಗಳಿಂದ ವಿನಾಯಿತಿ. ಕೂಲಿ ತಪ್ಪಿದರೆ ಒಲೆ ಹತ್ತದ ಮನೆಯವರಿಗೆ ಈ ವಿನಾಯಿತಿಯ ಬೆಲೆ ಗೊತ್ತು. ಸೂಜಿ ಹಾಕಿಸಿಕೊಂಡರೆ ಒಂದೆರಡು ದಿನ ಜ್ವರ, ತೋಳೆತ್ತಲಾಗದ ನೋವು. ಅಷ್ಟು ದಿನದ ಪಗಾರ ಹೋಗುತ್ತದೆ. ಹಾಕಿಸಿಕೊಳ್ಳದಿದ್ದರೆ ವಾರಗಟ್ಟಲೆ ಶಿಬಿರ. ಲೆಕ್ಕ ಹಾಕುವುದು ಕಷ್ಟವಿರಲಿಲ್ಲ.

ಇತಿಹಾಸಕಾರರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. ವಸಾಹತು ಸರಕಾರ ಜನರ ಮೈಯನ್ನೇ ವಶಕ್ಕೆ ತೆಗೆದುಕೊಳ್ಳಲು ಹೊರಟಿತ್ತು, ಪ್ಲೇಗಿನ ಕ್ರಮಗಳು ಅದರ ಅತಿ ಉಗ್ರ ರೂಪ ಎನ್ನುವುದು ಡೇವಿಡ್ ಆರ್ನಾಲ್ಡ್ ಅವರ ವಾದದ ದಿಕ್ಕು. ರಾಜನಾರಾಯಣ ಚಂದಾವರ್ಕರ್ ಅವರಿಗೆ ಇದು ಅಷ್ಟು ಸರಳವಾಗಿ ಕಾಣಲಿಲ್ಲ. ದಿಗಿಲು ಎರಡೂ ಕಡೆ ಇತ್ತು, ಜನ ಒಂದೇ ದನಿಯಲ್ಲಿ ವಿರೋಧಿಸಲೂ ಇಲ್ಲ, ಒಪ್ಪಲೂ ಇಲ್ಲ ಎಂದರು ಅವರು. ಹುಬ್ಬಳ್ಳಿಯನ್ನು ನೋಡಿದರೆ ಚಂದಾವರ್ಕರ್ ಮಾತೇ ಹೆಚ್ಚು ಒಗ್ಗುತ್ತದೆಂದು ನನಗನ್ನಿಸುತ್ತದೆ. ಪುಣೆಯಲ್ಲಿ ಗುಂಡು ಹಾರಿದ ವರುಷದೊಪ್ಪತ್ತಿನಲ್ಲೇ ಇಲ್ಲಿ ಜನ ಸಾಲು ನಿಂತರು. ಇದು ಸರಕಾರದ ಮೇಲಿನ ಭಕ್ತಿಯೂ ಅಲ್ಲ, ವಿಜ್ಞಾನದ ಮೇಲಿನ ನಂಬಿಕೆಯೂ ಅಲ್ಲ. ಎರಡು ಕೇಡುಗಳಲ್ಲಿ ಕಡಿಮೆಯದನ್ನು ಆರಿಸಿಕೊಂಡ ವ್ಯವಹಾರ.

ಇನ್ನು ಗಿರಣಿ. ಊರಿನ ಲೆಕ್ಕ ಸಡಿಲವಾಗಿದ್ದಾಗ ಗಿರಣಿಯ ಲೆಕ್ಕ ಬಿಗಿಯಾಗಿ ಸಿಕ್ಕಿತು. ಪಗಾರ ಕೊಡಬೇಕಾದ್ದರಿಂದ ಗಿರಣಿಗೆ ಹಾಜರಿ ಪುಸ್ತಕ ಇಡಲೇಬೇಕು. ಇವತ್ತು ಯಾರು ಬಂದರು, ಯಾರು ಬರಲಿಲ್ಲ, ಬರದಿದ್ದವರು ಊರಿಗೆ ಹೋದರೋ ಮಲಗಿದರೋ ಸತ್ತರೋ ಎಂಬುದು ಅಲ್ಲಿ ದಿನವೂ ಬೇಕಾಗುವ ಸುದ್ದಿ. ಕೂಲಿ ಹಿಡಿಯಲೆಂದು ಇಟ್ಟ ಪುಸ್ತಕ ಪ್ಲೇಗಿನ ವರ್ಷ ವೈದ್ಯರ ಕೈಗೆ ಬಂದು ರೋಗದ ಪುಸ್ತಕವಾಯಿತು. ಬೈಕಲ್ಲಾದ ಜೈಲಿಗೂ ಹುಬ್ಬಳ್ಳಿಯ ಗಿರಣಿಗೂ ಇದ್ದ ಹೋಲಿಕೆ ಇದೇ: ಎರಡರಲ್ಲೂ ಗೇಟು ಇದೆ, ಗೇಟಿನಲ್ಲಿ ಎಣಿಸುವವನಿದ್ದಾನೆ.

ಆದರೂ ಲೆಕ್ಕಕ್ಕೆ ತೂತುಗಳಿದ್ದವು. 1898ರಲ್ಲೇ ನೇಮಕವಾದ ಪ್ಲೇಗು ಆಯೋಗಕ್ಕೆ ಎಡಿನ್‌ಬರೊದ ಪ್ರೊಫೆಸರ್ ಥಾಮಸ್ ಫ್ರೇಸರ್ ಅಧ್ಯಕ್ಷರು. ಸದಸ್ಯರಲ್ಲಿ ಆಲ್‌ಮ್ರಾತ್ ರೈಟ್ ಇದ್ದರು, ಮುಂದೆ ಟೈಫಾಯ್ಡ್ ಲಸಿಕೆಯಿಂದ ಹೆಸರಾದವರು. ಲಸಿಕೆಯ ಅಂಕಿಗಳನ್ನು ಆಯೋಗ ಒಂದೊಂದಾಗಿ ಜಾಲಿಸಿ ನೋಡಿತು. ಊರು ಬಿಟ್ಟವರೆಷ್ಟು, ಉಳಿದವರೆಷ್ಟು ಎಂಬುದು ನಿಖರವಿಲ್ಲದಾಗ ಸೂಜಿ ಹಾಕದವರ ಸಾವಿನ ಪ್ರಮಾಣವನ್ನು ನಂಬುವುದು ಹೇಗೆ ಎಂಬುದು ಅವರ ಮುಖ್ಯ ತಕರಾರು. ಲಸಿಕೆಯ ಒಂದೊಂದು ಬುರುಡೆಯ ಬಲ ಒಂದೊಂದು ಥರ ಇರುತ್ತದೆ ಎಂಬುದು ಇನ್ನೊಂದು.

ಗಿರಣಿಯ ಕೋಷ್ಟಕವನ್ನೇ ಹತ್ತಿರದಿಂದ ನೋಡಿ. ಎರಡು ಸೂಜಿಯ ಗುಂಪಿಗೆ ಸೇರಬೇಕಾದರೆ ಮೊದಲ ಸೂಜಿಯ ನಂತರ ಎರಡನೆಯದರ ದಿನದವರೆಗೆ ಬದುಕಿರಬೇಕು. ಮಧ್ಯದಲ್ಲಿ ಪ್ಲೇಗು ಬಡಿದು ಸತ್ತವರು ತಾವಾಗಿ ಒಂದು ಸೂಜಿಯವರ ಪಟ್ಟಿಗೆ ಬೀಳುತ್ತಾರೆ. ಆ 58 ಜನರಲ್ಲಿ 8 ಸಾವು ಕಾಣುವುದರಲ್ಲಿ ಇದರ ಪಾಲು ಎಷ್ಟಿದ್ದೀತು? ಸೂಜಿಯೇ ಬೇಡವೆಂದ 75 ಜನ ಯಾರು? ಹಟಮಾರಿಗಳೇ, ಆಗಲೇ ಮೈ ಬಿಸಿಯಾಗಿದ್ದವರೇ, ಮುದುಕರೇ, ಪ್ಲೇಗು ಬಿದ್ದ ಕೇರಿಯಲ್ಲಿದ್ದು ಆ ದಿನ ಕೆಲಸಕ್ಕೆ ಬರಲಾಗದವರೇ? ಬರೋಡಾದ ಬಳಿಯ ಉಂಧೇರಾ ಎಂಬ ಹಳ್ಳಿಯಲ್ಲಿ ಅದೇ ವರ್ಷದ ಫೆಬ್ರುವರಿಯಲ್ಲಿ ಹಾಫ್ಕಿನ್ ಹೆಚ್ಚು ಜಾಣತನದ ಪರೀಕ್ಷೆ ಮಾಡಿದ್ದರು: ಒಂದೊಂದು ಮನೆಯಲ್ಲೂ ಅರ್ಧ ಜನಕ್ಕೆ ಸೂಜಿ ಹಾಕಿ, ಅರ್ಧ ಜನರನ್ನು ಬಿಟ್ಟರು. ಅಲ್ಲಿ ಸೂಜಿ ಬಿದ್ದ 71 ಜನರಲ್ಲಿ ಸತ್ತವರು 3, ಬೀಳದ 64 ಜನರಲ್ಲಿ 26. ಇಂದಿನ ನೀತಿಯ ಕಣ್ಣಿಗೆ ಅದು ಕ್ರೂರ. ಆದರೆ ಲೆಕ್ಕ ಸ್ವಚ್ಛ. ಹುಬ್ಬಳ್ಳಿಯಲ್ಲಿ ಸಂಖ್ಯೆ ದೊಡ್ಡದು, ಲೆಕ್ಕ ಮಸುಕು. ಮಸುಕನ್ನು ಎಷ್ಟೇ ಕಳೆದರೂ 2ಕ್ಕೂ 26ಕ್ಕೂ ನಡುವಿನ ಅಂತರ ಪೂರ್ತಿ ಕರಗುವುದಿಲ್ಲ. ಆಯೋಗವೂ ಕೊನೆಗೆ ಅದೇ ಧಾಟಿಯಲ್ಲಿ ಹೇಳಿತು: ಲಸಿಕೆ ರೋಗ ತಗಲುವುದನ್ನು ಗಮನಾರ್ಹವಾಗಿ ಕಡಿಮೆ ಮಾಡುತ್ತದೆ, ತಗಲಿದರೂ ಸಾವನ್ನು ಕಡಿಮೆ ಮಾಡುತ್ತದೆ, ಪೂರ್ಣ ರಕ್ಷಣೆ ಕೊಡುವುದಿಲ್ಲ, ಒತ್ತಾಯ ಬೇಡ, ಉತ್ತೇಜನ ಇರಲಿ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಹೊರಟ ರೈಲು ಬೆಂಗಳೂರು ಸೇರಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿನ ಮೊದಲ ಪ್ಲೇಗಿನ ರೋಗಿ ಎಂದು ದಾಖಲಾದದ್ದು ಹುಬ್ಬಳ್ಳಿ ಕಡೆಯಿಂದ ಬಂದ, ರೈಲ್ವೆ ಅಧಿಕಾರಿಯೊಬ್ಬರ ಮನೆಯ ಬಟ್ಲರ್. ಸಾಹೇಬರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗಬೇಕಾದ ಕೆಲಸ ಅವನದು. ಅವನಿಗೆ ರೋಗ ತಗಲಿದ್ದು ಕೆಲಸದಿಂದಲೇ ಎನ್ನಬಹುದು, ಆದರೆ ಹಾಗೆಂದು ಯಾರೂ ಬರೆಯಲಿಲ್ಲ. ಬೆಂಗಳೂರಿಗೆ ಪ್ಲೇಗು ತಂದವನೆಂದೇ ಇತಿಹಾಸದಲ್ಲಿ ಉಳಿದ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಬೆಳವಣಿಗೆ, ಊರೂರಿನ ಪ್ಲೇಗಮ್ಮನ ಗುಡಿಗಳು ಆ ಹಾವಳಿ ಬಿಟ್ಟುಹೋದ ಗುರುತುಗಳು.

ಹಾಫ್ಕಿನ್ನರ ಕಥೆಯ ಕೆಟ್ಟ ತಿರುವು ಬಂದದ್ದು ಪಂಜಾಬಿನಲ್ಲಿ. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಸೂಜಿ ಹಾಕಲಾಯಿತು. ಅವರಲ್ಲಿ 53ಎನ್ ಎಂಬ ಒಂದೇ ಬುರುಡೆಯ ಲಸಿಕೆ ಬಿದ್ದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಮುಂಬಯಿಯ ಪ್ರಯೋಗಶಾಲೆಯದೆಂದು ಹಾಫ್ಕಿನ್ ತಲೆಯ ಮೇಲೆ ಹೊರಿಸಿ ಹುದ್ದೆಯಿಂದ ಇಳಿಸಿದರು. ಹಳ್ಳಿಯಲ್ಲಿ ಬುರುಡೆ ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಿದ್ದು ಆಮೇಲೆ ಬೆಳಕಿಗೆ ಬಂತು. ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಜಗಳವಾಡಿ 1907ರಲ್ಲಿ ಅವರ ಹೆಸರು ಶುದ್ಧ ಮಾಡಿಸಿದರು. ಮುಂಬಯಿಯ ಆ ಪ್ರಯೋಗಶಾಲೆಗೆ 1925ರಲ್ಲಿ ಹಾಫ್ಕಿನ್ ಹೆಸರೇ ಬಂತು. ಲಸಿಕೆಯ ಮೇಲಿನ ಜನರ ನಂಬಿಕೆ ಮಾತ್ರ ಹಳ್ಳಿಗಳಲ್ಲಿ ಮೊದಲಿನಂತಾಗಲಿಲ್ಲ.

ಹುಬ್ಬಳ್ಳಿಯ ಗಿರಣಿಗೆ ಮರಳೋಣ. 1,173 ಜನರ ಪ್ಲೇಗನ್ನು ಅಷ್ಟು ಅಚ್ಚುಕಟ್ಟಾಗಿ ಎಣಿಸಿದವರು ಅದೇ ಜನರ ಶ್ವಾಸಕೋಶದಲ್ಲಿ ಏನು ತುಂಬುತ್ತಿದೆ ಎಂದು ಎಣಿಸಲಿಲ್ಲ. ನೂಲಿನ ಗಿರಣಿಯಲ್ಲಿ ಅರಳೆಯನ್ನು ಬಿಡಿಸಿ ಝಾಡಿಸುವ ಬ್ಲೋ ರೂಮು ಮತ್ತು ಎಳೆ ಬಾಚುವ ಕಾರ್ಡಿಂಗ್ ಖಾತೆಗಳಲ್ಲಿ ಗಾಳಿಯೇ ಬೆಳ್ಳಗಿರುತ್ತದೆ. ಅಲ್ಲಿ ವರ್ಷಗಟ್ಟಲೆ ದುಡಿದವರಿಗೆ ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಹಿಡಿದಂತಾಗುತ್ತದೆ, ಉಸಿರು ಕಟ್ಟುತ್ತದೆ; ಮೊದಮೊದಲು ಮರುದಿನಕ್ಕೆ ಇಳಿಯುತ್ತದೆ, ಕಡೆಗೆ ಇಳಿಯುವುದೇ ಇಲ್ಲ. ಬಿಸಿನೋಸಿಸ್ ಎಂಬ ಈ ರೋಗ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು. ನಮ್ಮಲ್ಲಿ 1881ರ ಕಾರಖಾನೆ ಕಾಯ್ದೆ ಅಪಘಾತವಾದರೆ ವರದಿ ಮಾಡಿ ಎಂದಿತು. 1891ರ ತಿದ್ದುಪಡಿ ವಾರದ ರಜೆ ಕೊಟ್ಟಿತು, ಹೆಂಗಸರ ದುಡಿಮೆಗೆ ದಿನಕ್ಕೆ 11 ತಾಸಿನ ಮಿತಿ ಹಾಕಿತು. ಬೆರಳು ತುಂಡಾದರೆ ಕಾಗದಕ್ಕೆ ಬರುತ್ತಿತ್ತು, ಉಸಿರು ಹೋದರೆ ಇಲ್ಲ.

ವ್ಯತ್ಯಾಸದ ಕಾರಣ ನಿಗೂಢವೇನಲ್ಲ. ಪ್ಲೇಗು ಕಾರ್ಡಿಂಗ್ ಖಾತೆಯಿಂದ ಮ್ಯಾನೇಜರನ ಬಂಗಲೆಗೆ ಹೋಗಬಹುದು, ಒಂದು ವಾರದಲ್ಲಿ ಗಿರಣಿ ನಿಲ್ಲಿಸಬಹುದು. ಅರಳೆಯ ದೂಳು ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ, ದುಡಿದವನನ್ನು ಬಿಟ್ಟು ಬೇರೆಯವರನ್ನು ಮುಟ್ಟುವುದಿಲ್ಲ. ಅಷ್ಟರಲ್ಲಿ ಅವನ ಜಾಗಕ್ಕೆ ಮುಕಾದಮ ಇನ್ನೊಬ್ಬನನ್ನು ತಂದಿರುತ್ತಾನೆ.

ಈ ಮಾತು ಹತ್ತಿಗೆ ಮಾತ್ರ ಸಲ್ಲುವುದಲ್ಲ. ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟದ್ದು 1880ರಲ್ಲಿ. ಅಲ್ಲಿ ಬೆಣಚುಕಲ್ಲಿನ ದೂಳು ಶ್ವಾಸಕೋಶವನ್ನು ಗಟ್ಟಿ ಮಾಡುವ ಸಿಲಿಕೋಸಿಸ್ ಇದೆ ಎಂದು ಎಕ್ಸ್-ರೇ ಇಟ್ಟು ವ್ಯವಸ್ಥಿತವಾಗಿ ನೋಡಿದ್ದು 1940ರಿಂದ 46ರ ನಡುವೆ. 7,600ಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ರೋಗ ಕಂಡಿತು. 1947ರಲ್ಲಿ ವರದಿಯಾದ ಇದನ್ನೇ ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ವರದಿ ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತವೆ. ಅರವತ್ತು ವರ್ಷ ಆ ಕೆಮ್ಮಿಗೆ ಕ್ಷಯವೆಂದೋ ವಯಸ್ಸೆಂದೋ ಹೆಸರಿತ್ತು.

ಸ್ವಾತಂತ್ರ್ಯದ ಮರುವರ್ಷ ಬಂದ 1948ರ ಕಾರಖಾನೆ ಕಾಯ್ದೆ ರೋಗಗಳ ಪಟ್ಟಿ ಕಟ್ಟಿ, ಇವು ಕಂಡರೆ ವ್ಯವಸ್ಥಾಪಕರೂ ವೈದ್ಯರೂ ಕಾರಖಾನೆ ತನಿಖಾಧಿಕಾರಿಗೆ ತಿಳಿಸಬೇಕೆಂದಿತು. ಭೋಪಾಲದ ಅನಿಲ ದುರಂತದ ನಂತರ 1987ರ ತಿದ್ದುಪಡಿ ಅಪಾಯಕಾರಿ ಕೆಲಸಗಳಿಗೆ ಸೇರುವ ಮುಂಚೆ ಮತ್ತು ಸೇರಿದ ಮೇಲೆ ಕಾಲಕಾಲಕ್ಕೆ ತಪಾಸಣೆ, ಕಾರ್ಮಿಕರಿಗೆ ತಮ್ಮ ಆರೋಗ್ಯದ ದಾಖಲೆ ನೋಡುವ ಹಕ್ಕು ಕೊಟ್ಟಿತು. ಕಲ್ನಾರು ಕಾರಖಾನೆಗಳ ಪ್ರಕರಣದಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಪ್ರತಿಯೊಬ್ಬರ ಆರೋಗ್ಯ ದಾಖಲೆ ಕಾಯ್ದಿಡಬೇಕು. ದೂಳಿನ ರೋಗದ ನಿಧಾನವನ್ನು ಅರ್ಥ ಮಾಡಿಕೊಂಡ ತೀರ್ಪು ಅದು. ಕಾರ್ಮಿಕ ಮನೆ ಸೇರಿದ ಎಷ್ಟೋ ವರ್ಷದ ಮೇಲೆ ಉಸಿರು ಕೈಕೊಡುತ್ತದೆ. ಆಗ ಪರಿಹಾರ ಕೇಳಲು ಅವನ ಕೈಯಲ್ಲಿ ಹಳೆಯ ಎಕ್ಸ್-ರೇ ಬೇಕು.

ಹತ್ತಿಯ ಸೀಮೆಯವರಿಗೆ ಇದರಲ್ಲೊಂದು ತೊಡಕಿದೆ. 1948ರದೇ ಇನ್ನೊಂದು ಕಾಯ್ದೆ ನೌಕರರ ರಾಜ್ಯ ವಿಮೆಯದು, ನಾವು ಇಎಸ್ಐ ಎನ್ನುವುದು. ಅದರ ಮೂರನೇ ಅನುಸೂಚಿಯ ಔದ್ಯೋಗಿಕ ರೋಗಗಳಲ್ಲಿ ಹತ್ತಿ ದೂಳಿನ ಬಿಸಿನೋಸಿಸ್ ಹೆಸರು ಹಿಡಿದೇ ಇತ್ತು. ಆದರೆ ಕಾಯ್ದೆ ಹಂಗಾಮಿ ಕಾರಖಾನೆಗಳಿಗೆ ಅನ್ವಯಿಸುತ್ತಿರಲಿಲ್ಲ, ಹಂಗಾಮಿ ಕಾರಖಾನೆ ಎಂದರೇನು ಎಂದು ಹೇಳುವ ಸಾಲಿನಲ್ಲಿ ಮೊದಲು ಬರುತ್ತಿದ್ದದ್ದೇ ಹತ್ತಿ ಜಿನ್ನಿಂಗು, ಅದರ ಹಿಂದೆಯೇ ಪ್ರೆಸ್ಸಿಂಗು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿದೆ. ಹತ್ತಿ ಹಿಂಜಿ ಅಂಡಿಗೆ ಕಟ್ಟುವ ನಾಲ್ಕೈದು ತಿಂಗಳು ಆ ದೂಳಿನಲ್ಲೇ ಇದ್ದು, ಹಂಗಾಮು ಮುಗಿದೊಡನೆ ಊರಿಗೆ ಮರಳುವವರ ಕೆಮ್ಮು ಯಾವ ಪುಸ್ತಕಕ್ಕೂ ಏರುವುದಿಲ್ಲ. ಮುಂದಿನ ವರ್ಷ ಜಿನ್ನಿಗೆ ಬರುವವರಲ್ಲಿ ಅವರಿಲ್ಲದಿದ್ದರೆ ಹೊಲದಲ್ಲಿದ್ದಾರೋ ಹಾಸಿಗೆಯಲ್ಲಿದ್ದಾರೋ ಎಂದು ಕೇಳುವ ಹೊಣೆಯನ್ನು ಈ ವಿಮೆಯ ಕಾನೂನು ಯಾರ ಮೇಲೂ ಹೊರಿಸಿಲ್ಲ.